ಘಟ್ಟ ಹತ್ತಿ ಊರಿಗೆ ಹೊರಟವರಿಗೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ನಮ್ಮದು ಮೂಡಿಗೆರೆ ಕಡೆಯ ಕುಟುಂಬ. ಅಜ್ಜನ ಮಕ್ಕಳು, ಮೊಮ್ಮಕ್ಕಳೆಲ್ಲ ಮಂಗಳೂರು, ಉಡುಪಿ, ಮುಂಬಯಿ ಅಂತ ಚದುರಿದ್ದೇವೆ. ಸುಮಾರು 60 ಜನ ಮೂಲ ಮನೆಯಲ್ಲಿ ಎರಡು ದಿನ ಸೇರಬೇಕು ಅಂತಿದೆ. ಡಿಸೆಂಬರ್ ಕೊನೆಯ ವಾರ ಎಲ್ಲರಿಗೂ ರಜೆ. ಆಗ ಇಟ್ಟುಕೊಳ್ಳಬಹುದೆ?
— ಓದುಗರು, ಸುರತ್ಕಲ್

ಬೇಡ. ಹೊರಗಿಂದ ಬರುವವರಿಗೆ ಅದು ರಜೆ, ಮನೆಯಲ್ಲಿರುವವರಿಗೆ ಕಾಫಿ ಕುಯ್ಲು. ಅರೇಬಿಕಾ ನವೆಂಬರಿನಿಂದ ಜನವರಿವರೆಗೆ ಹಣ್ಣಾಗುತ್ತದೆ, ಅದು ಮುಗಿಯುವಷ್ಟರಲ್ಲಿ ರೊಬಸ್ಟಾ ಶುರು. ಕಣದ ತುಂಬ ಕಾಫಿ ಹರವಿರುತ್ತದೆ. 60 ಜನಕ್ಕೆ ಶಾಮಿಯಾನ ಹಾಕಲು ಮನೆ ಮುಂದೆ ಸಮತಟ್ಟಾದ ಜಾಗ ಅಂತ ಇರುವುದೂ ಆ ಕಣವೇ. ಜೊತೆಗೆ ಆ ವಾರ ಪ್ರವಾಸಿಗಳ ಕಾರು ಘಾಟಿಯುದ್ದಕ್ಕೂ ಸಾಲುಗಟ್ಟಿರುತ್ತದೆ. ಫೆಬ್ರವರಿ, ಮಾರ್ಚ್ ಬಿಡುವು ಅನಿಸಬಹುದು. ಆದರೆ ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಕೈಕೊಟ್ಟರೆ ರೊಬಸ್ಟಾಕ್ಕೆ ಸ್ಪ್ರಿಂಕ್ಲರ್ ಹಾಕುವ ಕಾಲ ಅದು. ಮನೆಯವರು ರಾತ್ರಿಯೆಲ್ಲ ಪೈಪು ಬದಲಿಸುತ್ತಿರುತ್ತಾರೆ, ಮಕ್ಕಳಿಗೆ ಪರೀಕ್ಷೆ ಬೇರೆ.

ಏಪ್ರಿಲ್ ಕೊನೆಯಿಂದ ಮೇ 15ರೊಳಗೆ ಒಂದು ಶನಿವಾರ, ಭಾನುವಾರ ಹಿಡಿಯಿರಿ. ಶಾಲೆಗೆ ರಜೆ, ತೋಟದ ಕೆಲಸ ಹಗುರ, ಮುಂಗಾರು ಇನ್ನೂ ಬಂದಿರುವುದಿಲ್ಲ. ಅದು ತಪ್ಪಿದರೆ ದಸರಾ, ದೀಪಾವಳಿ ನಡುವೆ ನೋಡಿ. ಆದರೆ ದಿನ ಗೊತ್ತು ಮಾಡುವ ಮೊದಲು ಊರಿನ ಸುಗ್ಗಿ (ಊರ ದೇವರ ಹಬ್ಬ) ಯಾವಾಗ ಅಂತ ಹಿರಿಯರನ್ನು ಕೇಳಿ. ಸುಗ್ಗಿಗೆ ಸಾರು ಹಾಕಿದ (ಹಬ್ಬವನ್ನು ಊರಿಗೆ ಸಾರಿದ) ಮೇಲೆ ಒಗ್ಗರಣೆ, ಮಾಂಸದಡುಗೆ ಮಾಡದ ಊರುಗಳಿವೆ. ಅಲ್ಲಿ ಹೋಗಿ ಕೋಳಿ ಸಾರು ಕಾಸಲು ಹೊರಟರೆ ಮನೆಯವರ ಮುಖ ಕೆಡುತ್ತದೆ.

ಮೇ ತಿಂಗಳಲ್ಲಿ ಕೈಕೊಡುವುದು ನೀರು ಮತ್ತು ಕರೆಂಟು. ಒಬ್ಬರಿಗೆ ಸ್ನಾನ, ಶೌಚ ಸೇರಿ ದಿನಕ್ಕೆ 70 ಲೀಟರ್ ಇಟ್ಟುಕೊಂಡರೂ 60 ಜನಕ್ಕೆ 4,200 ಲೀಟರ್. ಮನೆ ಮೇಲಿರುವುದು 2,000 ಲೀಟರಿನ ಟ್ಯಾಂಕಾದರೆ ದಿನಕ್ಕೆ ಎರಡು ಸಲ ತುಂಬಿದರೂ ಸಾಲದು. ಸಂಜೆ ಗುಡುಗು ಮಳೆಗೆ ಮರ ಬಿದ್ದು ಲೈನ್ ಹೋದರೆ ಮೋಟಾರೂ ಇಲ್ಲ. ಎರಡು ದಿನದ ಮಟ್ಟಿಗೆ ಇನ್ನೊಂದು ಟ್ಯಾಂಕ್ ತಂದಿಟ್ಟು ಹಿಂದಿನ ರಾತ್ರಿಯೇ ತುಂಬಿಸಿಡಿ. ಬಾಡಿಗೆಗೆ ಜನರೇಟರ್ ತರುವುದಾದರೆ ಅದು ಬಾವಿ ಮೋಟಾರಿನ ಎಚ್‌ಪಿಗೆ ಸಾಕಾಗುತ್ತದೆಯೇ ಅಂತ ಮೊದಲೇ ವಿಚಾರಿಸಿ. ಬಲ್ಬು ಉರಿಸುವ ಚಿಕ್ಕ ಜನರೇಟರ್ ಮೋಟಾರನ್ನು ಎತ್ತುವುದಿಲ್ಲ.

ಮಂಗಳೂರಿನಿಂದ ಮೇಲೆ ಬರಲು ಚಾರ್ಮಾಡಿ ಒಳ್ಳೆಯದೋ ಶಿರಾಡಿಯೋ? ಕೆಲಸ ಮುಗಿಸಿ ಸಂಜೆ ಹೊರಟರೆ ತೊಂದರೆಯೆ?
— ಓದುಗರು, ಬಿ.ಸಿ. ರೋಡ್

ಮೂಡಿಗೆರೆ, ಬಣಕಲ್, ಚಿಕ್ಕಮಗಳೂರಿಗೆ ಚಾರ್ಮಾಡಿ (ರಾಷ್ಟ್ರೀಯ ಹೆದ್ದಾರಿ 73) ನೇರ ದಾರಿ. ಸಕಲೇಶಪುರ, ಆಲೂರು, ಹಾಸನಕ್ಕೆ ಶಿರಾಡಿ (ರಾಷ್ಟ್ರೀಯ ಹೆದ್ದಾರಿ 75). ಕಾರಿನವರಿಗೆ ಚಾರ್ಮಾಡಿಯಲ್ಲಿ ಲಾರಿಗಳ ಕಾಟ ಕಡಿಮೆ, ಆದರೆ ರಸ್ತೆ ಕಿರಿದು, ಹೇರ್‌ಪಿನ್ ತಿರುವು ಬಿಗಿ. ಶಿರಾಡಿ ಅಗಲ, ಆದರೆ ಟ್ಯಾಂಕರು, ಕಂಟೈನರುಗಳ ಹಿಂದೆ ತೆವಳಬೇಕಾದೀತು. ದೊಡ್ಡ ಬಸ್ಸು ಮಾಡಿಕೊಂಡು ಬರುವ ಯೋಚನೆಯಿದ್ದರೆ ಬಿಡಿ, 12-17 ಸೀಟಿನ ಟೆಂಪೊ ಟ್ರಾವೆಲರ್ ಸಾಕು. ಚಾರ್ಮಾಡಿಯಲ್ಲಿ ಭಾರಿ ವಾಹನಗಳಿಗೆ ಪದೇ ಪದೇ ನಿರ್ಬಂಧ ಬಿದ್ದಿದೆ. ಹೊರಡುವ ಹಿಂದಿನ ದಿನ ಜಿಲ್ಲಾಡಳಿತದ ಆದೇಶ ನೋಡಿಕೊಳ್ಳಿ.

ಸಂಜೆ ಹೊರಡಬೇಡಿ. ಇದನ್ನು ಒತ್ತಿ ಹೇಳುತ್ತೇವೆ. ಮೇ ತಿಂಗಳಲ್ಲಿ ಗುಡುಗು ಮಳೆ ಹೆಚ್ಚಾಗಿ ಮಧ್ಯಾಹ್ನ ಮೂರರ ನಂತರದ್ದು, ಮಳೆ ನಿಂತ ಮೇಲೆ ಕಣಿವೆಯಿಂದ ಮಂಜು ಏಳುತ್ತದೆ. ಬೆಳಿಗ್ಗೆ ಏಳಕ್ಕೆ ಮಂಗಳೂರು ಬಿಟ್ಟು ಉಜಿರೆಯಲ್ಲಿ ತಿಂಡಿ ಮುಗಿಸಿದರೆ ಹನ್ನೊಂದರೊಳಗೆ ಘಾಟಿಯ ತುದಿಯ ಕೊಟ್ಟಿಗೆಹಾರ. ಏನೇ ತಡವಾದರೂ ಮಧ್ಯಾಹ್ನ ಮೂರರ ಮೇಲೆ ಚಾರ್ಮಾಡಿ ಚೆಕ್‌ಪೋಸ್ಟ್ ದಾಟಬೇಡಿ. ಉಜಿರೆಯಲ್ಲಿ ಉಳಿದು ಬೆಳಿಗ್ಗೆ ಹೊರಡಿ. ಘಾಟಿಯ ಬಹುಭಾಗದಲ್ಲಿ ಮೊಬೈಲ್ ಸಿಗ್ನಲ್ ಇರುವುದಿಲ್ಲ. ಚೆಕ್‌ಪೋಸ್ಟಿನಲ್ಲೇ ಮನೆಗೆ ಫೋನ್ ಮಾಡಿ "ಈಗ ಹತ್ತುತ್ತಿದ್ದೇವೆ" ಅಂತ ಹೇಳಿಬಿಡಿ.

ಮಂಜಿನಲ್ಲಿ ಹೈ ಬೀಮ್ ಹಾಕಿದರೆ ಬೆಳಕು ಹನಿಗೆ ತಾಗಿ ನಿಮ್ಮ ಕಣ್ಣಿಗೇ ವಾಪಸು ಬರುತ್ತದೆ, ಎದುರಿಗೆ ಬಿಳಿ ಗೋಡೆ ಬಿಟ್ಟು ಬೇರೇನೂ ಕಾಣದು. ಲೈಟು ಡಿಮ್ಮಿಗೆ ಇಳಿಸಿ, ಫಾಗ್ ಲ್ಯಾಂಪ್ ಹಾಕಿ, ರಸ್ತೆಯ ಎಡ ಅಂಚಿನ ಬಿಳಿ ಪಟ್ಟಿ ಹಿಡಿದು ಹೋಗಿ. ನಾಲ್ಕೂ ಇಂಡಿಕೇಟರ್ ಮಿನುಗಿಸುತ್ತ ಓಡಿಸುವ ಅಭ್ಯಾಸ ಅನೇಕರಿಗಿದೆ, ಅದು ತಪ್ಪು. ನೀವು ನಿಂತಿದ್ದೀರೋ ತಿರುಗುತ್ತೀರೋ ಹಿಂದಿನವರಿಗೆ ತಿಳಿಯದು. ಗಾಜಿನ ಒಳಗೆ ಮಂಜು ಕಟ್ಟಿದರೆ ಬಟ್ಟೆಯಲ್ಲಿ ಒರೆಸುತ್ತ ಕೂರಬೇಡಿ. ಎಸಿ ಹಾಕಿ, ಗಾಳಿಯನ್ನು ಮುಂದಿನ ಗಾಜಿಗೆ ತಿರುಗಿಸಿ. ಇಬ್ಬರು ಹೋಗಲಾಗದ ಕಿರಿದಾದ ಜಾಗದಲ್ಲಿ ಹತ್ತುವವರಿಗೆ ದಾರಿ ಬಿಡಬೇಕೆಂಬುದು ನಿಯಮ.

ಮಳೆಗಾಲದಲ್ಲಿ ಈ ಘಾಟಿ ಬಂದಾದರೆ ಆ ಘಾಟಿಯಲ್ಲಿ ಹೋದರಾಯಿತು ಅಂತ ನಂಬಿ ಕೂರಬೇಡಿ. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಹಲವು ಕಡೆ ಕುಸಿದು ಸಂಚಾರ ನಿಂತಿತ್ತು. 2024ರ ಜುಲೈಯಲ್ಲಿ ಶಿರಾಡಿಯಲ್ಲಿ ಗುಡ್ಡ ಜಾರಿತು, ಅದೇ ತಿಂಗಳು ಯಡಕುಮೇರಿ ಮತ್ತು ಕಡಗರವಳ್ಳಿ ನಡುವೆ ರೈಲು ಹಳಿಯ ಅಡಿಯ ಮಣ್ಣೂ ಹೋಯಿತು. ರಸ್ತೆಗಾಗಿ ಗುಡ್ಡವನ್ನು ನೆಟ್ಟಗೆ ಕಡಿದಲ್ಲಿ ಧರೆಗೆ (ಕಡಿದು ಉಳಿದ ಮಣ್ಣಿನ ಗೋಡೆಗೆ) ಆಸರೆ ಇರುವುದಿಲ್ಲ. ಎಡೆಬಿಡದ ಮಳೆಗೆ ಮಣ್ಣು ನೀರು ಕುಡಿದು ಭಾರವಾಗುತ್ತದೆ, ಚರಂಡಿ ಕಟ್ಟಿಕೊಂಡಿದ್ದರೆ ನೀರು ರಸ್ತೆಯ ಅಡಿಗೇ ಇಳಿಯುತ್ತದೆ. ಧರೆಯಿಂದ ತಿಳಿನೀರು ಹರಿಯುವುದು ಮಾಮೂಲು. ಅದೇ ನೀರು ಕೆಂಪಗೆ ಬರತೊಡಗಿದರೆ, ಸಣ್ಣ ಕಲ್ಲು ಉದುರಿದರೆ, ಮರ ರಸ್ತೆ ಕಡೆ ವಾಲಿದ್ದರೆ ಅದರ ಕೆಳಗೆ ಫೋಟೋಗೆಂದೂ ನಿಲ್ಲಬಾರದು.

ಕಳೆದ ಸಲ ಏಳು ಜನ, ಸಾಮಾನು ತುಂಬಿಕೊಂಡು ಘಟ್ಟ ಇಳಿಯುವಾಗ ಸುಟ್ಟ ವಾಸನೆ ಬಂತು, ಬ್ರೇಕ್ ಪೆಡಲ್ ಒಳಗೆ ಹೋಯಿತು. ನಿಲ್ಲಿಸಿ ಅರ್ಧ ಗಂಟೆ ಬಿಟ್ಟ ಮೇಲೆ ಸರಿಯಾಯಿತು. ರಿಪೇರಿ ಬೇಕೆ?
— ಓದುಗರು, ಮೂಡುಬಿದಿರೆ

ಬೇಕು, ಊರಿಗೆ ಹೊರಡುವ ಮೊದಲೇ. ಇಲ್ಲಿ ಎರಡು ಬೇರೆ ಬೇರೆ ತೊಂದರೆಗಳಿವೆ. ಪೆಡಲ್ ಗಟ್ಟಿಯಾಗಿಯೇ ಇದ್ದು ಗಾಡಿ ನಿಲ್ಲದಿದ್ದರೆ ಪ್ಯಾಡ್ ಅತಿಯಾಗಿ ಕಾದು ಹಿಡಿತ ಬಿಟ್ಟಿದೆ ಎಂದರ್ಥ, ಆರಿದರೆ ಮರಳುತ್ತದೆ. ನಿಮ್ಮ ಹಾಗೆ ಪೆಡಲ್ ಮೆತ್ತಗಾಗಿ ಒಳಗೆ ಹೋದರೆ ಬ್ರೇಕ್ ಆಯಿಲ್ ಕುದಿದಿದೆ. ಈ ಆಯಿಲ್ ಗಾಳಿಯ ತೇವ ಹೀರುತ್ತದೆ. ಡಾಟ್ 4 ದರ್ಜೆಯ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ತಾಳಬೇಕು, ತೇವ ಹೀರಿದ ಮೇಲಿನ ಮಾನದಂಡ ಬರೀ 155. ಕುದ್ದಾಗ ಪೈಪಿನೊಳಗೆ ಆವಿಯ ಗುಳ್ಳೆ ಏಳುತ್ತದೆ. ದ್ರವದಂತೆ ಆವಿ ಒತ್ತಡವನ್ನು ದಾಟಿಸುವುದಿಲ್ಲ, ತಾನೇ ಕುಗ್ಗುತ್ತದೆ, ಕಾಲು ನೆಲಕ್ಕೆ ಹೋಗುತ್ತದೆ. ತಣಿದ ಮೇಲೆ ಪೆಡಲ್ ಬಂತೆಂದು ಬಿಟ್ಟರೆ ಮುಂದಿನ ಇಳಿಜಾರಿನಲ್ಲಿ ಮತ್ತೆ ಅದೇ ಪಾಡು. ಆಯಿಲ್ ಪೂರ್ತಿ ಬದಲಿಸಿ ಏರ್ ತೆಗೆಸಿ, ಮುಂದೆಯೂ ಎರಡು ವರ್ಷಕ್ಕೊಮ್ಮೆ ಬದಲಿಸಿ. ಪ್ಯಾಡ್ 3 ಮಿ.ಮೀ.ಗಿಂತ ತೆಳುವಾಗಿದ್ದರೆ ಹೊಸದು ಹಾಕಿಸಿ. ಟಯರಿನ ಗೀರಿನ ಆಳ ಕಾನೂನಿಗೆ 1.6 ಮಿ.ಮೀ. ಇದ್ದರೂ ಸಾಕು, ಮಳೆಯ ಘಾಟಿಗೆ 3 ಆದರೂ ಇರಲಿ.

ಇನ್ನು ಇಳಿಯುವ ಕ್ರಮ. ಕೊಟ್ಟಿಗೆಹಾರ ಬಿಡುತ್ತಿದ್ದಂತೆ ಮೂರನೇ ಗೇರಿಗೆ ಬನ್ನಿ, ಹೇರ್‌ಪಿನ್ನಿಗೆ ಎರಡು. ಗೇರು ಇಳಿಸಬೇಕಾದ್ದು ತಿರುವಿಗೆ ಮೊದಲು, ತಿರುವಿನೊಳಗೆ ಅಲ್ಲ. ಎಂಜಿನ್ನೇ ಗಾಡಿಯನ್ನು ಹಿಡಿದಿಡಲಿ. ಬ್ರೇಕನ್ನು ಒಮ್ಮೆ ಗಟ್ಟಿಯಾಗಿ ಒತ್ತಿ ವೇಗ ತಗ್ಗಿಸಿ, ಪೂರ್ತಿ ಬಿಡಿ. ಇಳಿಜಾರುದ್ದಕ್ಕೂ ಕಾಲನ್ನು ಪೆಡಲ್ ಮೇಲೇ ಇಟ್ಟು ಸವರುತ್ತ ಹೋಗುವುದರಿಂದಲೇ ಆ ವಾಸನೆ ಬರುವುದು. ಆಟೊಮ್ಯಾಟಿಕ್ ಗಾಡಿಯಾದರೆ ಡಿ ಬಿಟ್ಟು ಎಲ್ ಅಥವಾ ಮ್ಯಾನುವಲ್ ಮೋಡ್. ಪೆಟ್ರೋಲ್ ಉಳಿಸಲೆಂದು ನ್ಯೂಟ್ರಲ್ ಮಾಡುವುದು, ಎಂಜಿನ್ ಆಫ್ ಮಾಡುವುದು ಪ್ರಾಣಕ್ಕೇ ಅಪಾಯ. ನ್ಯೂಟ್ರಲ್‌ನಲ್ಲಿ ಎಂಜಿನ್ ಗಾಡಿಯನ್ನು ಹಿಡಿಯದು, ಆಫ್ ಮಾಡಿದರೆ ಬ್ರೇಕಿನ ಬೂಸ್ಟರೂ ಪವರ್ ಸ್ಟಿಯರಿಂಗೂ ಕೈಬಿಡುತ್ತವೆ. ವಾಸನೆ ಬಂದರೆ ರಸ್ತೆ ಅಗಲವಿದ್ದಲ್ಲಿ ನಿಲ್ಲಿಸಿ, ಗೇರಿನಲ್ಲೇ ಬಿಟ್ಟು ಚಕ್ರಕ್ಕೆ ಕಲ್ಲು ಕೊಡಿ. ಅರ್ಧ ಗಂಟೆ ಕಾಯಿರಿ. ಕಾದ ಡಿಸ್ಕಿಗೆ ನೀರು ಸುರಿದರೆ ಸೊಟ್ಟಗಾಗುತ್ತದೆ, ಸೀಳಲೂಬಹುದು.

ಘಟ್ಟದ ಮೇಲಿನವರಿಗೆ ಮೀನೆಂದರೆ ಪ್ರಾಣ. 60 ಜನಕ್ಕೆ ಬಂಗುಡೆ, ಬೂತಾಯಿ ಒಯ್ಯುವುದು ಹೇಗೆ?
— ಓದುಗರು, ಮಲ್ಪೆ

ಒಬ್ಬರಿಗೆ ಇಡೀ ಮೀನು 200 ಗ್ರಾಂನಂತೆ 12 ಕೆ.ಜಿ., ಅಷ್ಟೇ ತೂಕದ ಪುಡಿ ಐಸು. ಕೊಂಡಲ್ಲೇ ಕರುಳು, ಕಿವಿರು ತೆಗೆಸಿ ತೊಳೆಸಿ. ದಪ್ಪ ಥರ್ಮೊಕೋಲ್ ಪೆಟ್ಟಿಯಲ್ಲಿ ಅಡಿಗೆ ನಾಲ್ಕು ಬೆರಳು ಐಸು, ಮೇಲೊಂದು ಸಾಲು ಮೀನು, ಮತ್ತೆ ಐಸು, ಹೀಗೆ ತುಂಬಿ ಕೊನೆಯ ಪದರ ಐಸಿನದೇ ಆಗಲಿ. ಪೆಟ್ಟಿಯ ಮೂಲೆಯಲ್ಲಿ ತೂತು ಮಾಡಿ ಕೆಳಗೆ ಟ್ರೇ ಇಡಿ. ಕರಗಿದ ನೀರಿನಲ್ಲಿ ನೆನೆದ ಮೀನು ಬೇಗ ಮೆತ್ತಗಾಗುತ್ತದೆ.

ಐಸಿನಲ್ಲಿ ಜಿಪುಣತನ ಬೇಡ. ಬಂಗುಡೆ, ಬೂತಾಯಿ, ಕೇದರ (ಟ್ಯೂನಾ) ಇಂಥ ಮೀನು ಬಿಸಿಯಲ್ಲಿ ಇದ್ದರೆ ಅದರಲ್ಲಿ ಹಿಸ್ಟಮಿನ್ ಎಂಬ ವಿಷದಂಥ ವಸ್ತು ಹುಟ್ಟುತ್ತದೆ. ಎಷ್ಟು ಕುದಿಸಿದರೂ, ಹುರಿದರೂ ಅದು ನಾಶವಾಗದು, ವಾಸನೆಯಿಂದಲೂ ಯಾವಾಗಲೂ ಗೊತ್ತಾಗದು. ತಿಂದ ಸ್ವಲ್ಪ ಹೊತ್ತಿಗೆ ಮುಖ ಕೆಂಪೇರಿ, ತುರಿಕೆ, ತಲೆನೋವು ಬರುತ್ತದೆ. ಮನೆ ಮುಟ್ಟಿದಾಗ ಪೆಟ್ಟಿಯಲ್ಲಿ ಐಸು ಇನ್ನೂ ಉಳಿದಿರಬೇಕು. ಉಳಿದಿಲ್ಲದೆ ಮೀನು ಬೆಚ್ಚಗಾಗಿದ್ದರೆ ಎಷ್ಟೇ ಹೊಟ್ಟೆ ಉರಿದರೂ ಗುಂಡಿಗೆ ಹಾಕಿ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುತ್ತದೆ, ಮೇ ತಿಂಗಳ ಕೂಟಕ್ಕೆ ಅದು ಅಡ್ಡಿಯಲ್ಲ.

ಎಲೆಕ್ಟ್ರಿಕ್ ಕಾರಿನಲ್ಲಿ ಘಟ್ಟ ಹತ್ತಿದರೆ ಚಾರ್ಜ್ ಸಾಲುತ್ತದೆಯೆ?
— ಓದುಗರು, ಉಡುಪಿ

ಸಾಲುತ್ತದೆ. ಜನ ಸೇರಿ 1,700 ಕೆ.ಜಿ. ತೂಗುವ ಕಾರು 800 ಮೀಟರ್ ಎತ್ತರ ಏರಲು ಬೇಕಾದ ಹೆಚ್ಚುವರಿ ಶಕ್ತಿ 3.7 ಯೂನಿಟ್, ಮೋಟಾರಿನ ನಷ್ಟ ಸೇರಿಸಿ 4ರಿಂದ 4.5 ಅಂತಿಟ್ಟುಕೊಳ್ಳಿ. ಎಚ್ಚರ ಬೇಕಾದ್ದು ವಾಪಸಾಗುವಾಗ. ಬ್ಯಾಟರಿ ನೂರಕ್ಕೆ ನೂರು ತುಂಬಿಸಿ ಇಳಿದರೆ ರೀಜನರೇಶನ್ ಬ್ರೇಕ್ (ಇಳಿಜಾರಿನಲ್ಲಿ ಮೋಟಾರೇ ಗಾಡಿಯನ್ನು ತಡೆದು ಕರೆಂಟು ಹುಟ್ಟಿಸುವ ವ್ಯವಸ್ಥೆ) ಕೆಲಸ ಮಾಡುವುದಿಲ್ಲ, ಏಕೆಂದರೆ ಹುಟ್ಟಿದ ಕರೆಂಟಿಗೆ ಬ್ಯಾಟರಿಯಲ್ಲಿ ಜಾಗವಿರದು. ಭಾರವೆಲ್ಲ ಪ್ಯಾಡಿನ ಮೇಲೆ ಬೀಳುತ್ತದೆ. 85ಕ್ಕೆ ನಿಲ್ಲಿಸಿ ಹೊರಡಿ. ಹಳೆ ಮನೆಯ ಸಾಕೆಟ್ಟಿನಲ್ಲಿ ಚಾರ್ಜಿಗೆ ಹಾಕುವ ಮೊದಲು ಅರ್ತಿಂಗ್ ಇದೆಯೇ ಅಂತ ಎಲೆಕ್ಟ್ರಿಷಿಯನ್ನರಿಂದ ನೋಡಿಸಿ.

ಅಮ್ಮನಿಗೆ 78. ತಿರುವು ಬಂದರೆ ವಾಂತಿ, ಕಿವಿ ಕಟ್ಟುತ್ತದೆ. ಆದರೂ ತವರು ನೋಡಲೇಬೇಕು ಅನ್ನುತ್ತಾರೆ.
— ಓದುಗರು, ಪುತ್ತೂರು

ಅವರು ಬರಲೇಬೇಕು, ಕೂಟ ನಡೆಯುವುದೇ ಅಂಥವರಿಗಾಗಿ. ಮುಂದಿನ ಸೀಟಿನಲ್ಲಿ ಕೂರಿಸಿ, ದೂರದ ರಸ್ತೆ ನೋಡುತ್ತಿರಲಿ. ಖಾಲಿ ಹೊಟ್ಟೆಯೂ ಬೇಡ, ಎಣ್ಣೆ ತಿಂಡಿಯೂ ಬೇಡ. ಎರಡು ಇಡ್ಲಿ ಸಾಕು. ಕಿವಿಗೆ ಪೆಪ್ಪರ್‌ಮಿಂಟ್ ಚೀಪುವುದು, ಎಂಜಲು ನುಂಗುವುದೇ ಮದ್ದು. ವಾಂತಿಯ ಗುಳಿಗೆಯನ್ನು ವಾಂತಿ ಶುರುವಾದ ಮೇಲೆ ಕೊಟ್ಟರೆ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ, ಮೊದಲೇ ಕೊಡಬೇಕು. ಆದರೆ ಅವುಗಳಲ್ಲಿ ಹಲವು ಮಂಪರು ತರುತ್ತವೆ, ಈ ವಯಸ್ಸಿನವರು ಇಳಿಯುವಾಗ ಎಡವಿ ಬೀಳಬಹುದು. ಅವರ ವೈದ್ಯರನ್ನು ಕೇಳಿಯೇ ಕೊಡಿ.

ರೈಲು ಇನ್ನೂ ಹಿತ. ಸುಬ್ರಹ್ಮಣ್ಯ ರೋಡ್‌ನಿಂದ ಸಕಲೇಶಪುರಕ್ಕೆ 55 ಕಿ.ಮೀ., 57 ಸುರಂಗ. ನಿಧಾನ ಹೋಗುತ್ತದೆ, ಹೇರ್‌ಪಿನ್ ತಿರುವಿಲ್ಲ, ಶೌಚಾಲಯವಿದೆ. ಹಗಲು ರೈಲಿಗೆ 60 ದಿನ ಮೊದಲೇ ಸೀಟು ಕಾದಿರಿಸಿ. ಸಕಲೇಶಪುರದಿಂದ ಮೂಡಿಗೆರೆಗೆ ಮೂವತ್ತು ಚಿಲ್ಲರೆ ಕಿ.ಮೀ., ಸಕಲೇಶಪುರ ಸ್ಟೇಷನ್ನಿಗೆ ಊರಿನಿಂದ ಒಂದು ಕಾರು ಕಳಿಸಲು ಹೇಳಿ. ಅಮ್ಮನ ದಿನನಿತ್ಯದ ಮಾತ್ರೆಗಳು ಡಿಕ್ಕಿಗೆ ಹೋಗುವ ದೊಡ್ಡ ಬ್ಯಾಗಿನಲ್ಲಲ್ಲ, ಅವರ ಕೈಚೀಲದಲ್ಲೇ ಇರಲಿ.