ತುಮಕೂರಿಂದ ಬರುವ ಅಪ್ಪ ಅಮ್ಮನಿಗೆ ಎರಡು ದಿನದ ಬೆಂಗಳೂರು

ತುಮಕೂರಿಂದ ಅಪ್ಪ ಅಮ್ಮ ಶನಿವಾರ ಬರುತ್ತಾರೆ, ಅಮ್ಮನಿಗೆ ಮಂಡಿನೋವು, ಬೆಂಗಳೂರಲ್ಲಿ ಏನು ತೋರಿಸಲಿ ಅಂತ ಕೇಳಿದ್ದೀರಿ. ನಮ್ಮದೂ ತುಮಕೂರೇ, ಅದಕ್ಕೇ ಹೇಳುತ್ತೇನೆ: ಮೆಜೆಸ್ಟಿಕ್‌ವರೆಗೆ ಬಸ್ಸಲ್ಲಿ ಬರುವುದು ಬೇಡ. ಕಂಡಕ್ಟರ್‌ಗೆ ಮೊದಲೇ ಹೇಳಿ ಮಾದಾವರದಲ್ಲಿ ಇಳಿಯಲಿ. ನೀವು ಅಲ್ಲಿಗೇ ಹೋಗಿ ಹಸಿರು ಮಾರ್ಗದ ಮೆಟ್ರೋ ಹತ್ತಿಸಿ. ಎಲ್ಲೂ ಬದಲಾಯಿಸದೆ ಸೀದಾ ಲಾಲ್‌ಬಾಗ್ ಸ್ಟೇಷನ್. ಟ್ರಾಫಿಕ್ ತಪ್ಪುತ್ತದೆ, ಮೆಟ್ರೋ ನೋಡಿದ ಹಾಗೂ ಆಯಿತು ಅಲ್ವಾ?

ಲಾಲ್‌ಬಾಗ್ 240 ಎಕರೆ ಇದೆ. ಅಮ್ಮನನ್ನು ಜಾಸ್ತಿ ನಡೆಸಬೇಡಿ. 1889ರ ಗಾಜಿನ ಮನೆ ತೋರಿಸಿ, ಮರದ ನೆರಳಲ್ಲಿ ಕೂರಿಸಿ. ಬಂಡೆ ಹತ್ತುವುದು ಅಪ್ಪನಿಗಿರಲಿ.

ಭಾನುವಾರ ಬೆಳಗ್ಗೆ ಬಸವನಗುಡಿ. ದೊಡ್ಡ ಗಣಪತಿ, ದೊಡ್ಡ ಬಸವಣ್ಣ ಅಕ್ಕಪಕ್ಕದಲ್ಲೇ ಇವೆ. ಆಮೇಲೆ ಗಾಂಧಿ ಬಜಾರಿನಲ್ಲಿ ಮಸಾಲೆ ದೋಸೆ, ಹೂವು, ಹಣ್ಣು. ಮಾಲ್ ಬಿಟ್ಟುಬಿಡಿ, ಸುಮ್ನೆ ಸುಸ್ತು. ವಾಪಸ್ ಹೋಗಲು ನ್ಯಾಷನಲ್ ಕಾಲೇಜ್ ಸ್ಟೇಷನ್ ಹತ್ತಿರ.