ಎರಡು ವಾರದ ಯುರೋಪ್ ಪ್ರವಾಸಕ್ಕೆ ಎಷ್ಟು ಲಗೇಜು, ಎಂಥ ಶೂ?

ಅಕ್ಟೋಬರ್‌ನಲ್ಲಿ ಗಂಡ-ಹೆಂಡತಿ ಇಬ್ಬರೇ ಬೆಂಗಳೂರಿನಿಂದ ಹೊರಟು ಪ್ಯಾರಿಸ್, ಸ್ವಿಟ್ಜರ್ಲೆಂಡಿನ ಇಂಟರ್‌ಲಾಕನ್, ವೆನಿಸ್, ರೋಮ್ ಎಂದು 14 ದಿನ ರೈಲಿನಲ್ಲಿ ಸುತ್ತುತ್ತೀರಿ. ಒಬ್ಬೊಬ್ಬರಿಗೆ 28 ಇಂಚಿನ ಸೂಟ್‌ಕೇಸ್ ಬೇಕೇ, ಹಿಮಕ್ಕೆಂದು ಬೂಟು ಕೊಳ್ಳಬೇಕೇ ಅಂತ ಕೇಳಿದ್ದೀರಿ. ಎರಡೂ ಬೇಡ. ಇಬ್ಬರಿಗೂ ಒಂದೊಂದು ಕ್ಯಾಬಿನ್ ಬ್ಯಾಗು, ಕಾಲಲ್ಲಿ ಒಂದು ಜೊತೆ ಒಳ್ಳೆಯ ಶೂ, ಬ್ಯಾಗಿನಲ್ಲಿ ಒಂದು ಜೊತೆ ಹಗುರ ಚಪ್ಪಲಿ. ಇಷ್ಟು ಸಾಕು.

28 ಇಂಚಿನ ಪೆಟ್ಟಿಗೆ ಖಾಲಿಯಿದ್ದಾಗಲೇ ನಾಲ್ಕು ಕಿಲೋ ತೂಗುತ್ತದೆ. ಜಾಗವಿದೆಯಲ್ಲ ಅಂತ ತುಂಬುತ್ತಾ ಹೋದರೆ 20 ದಾಟುವುದು ಗೊತ್ತೇ ಆಗುವುದಿಲ್ಲ. ಟೂರ್ ಕಂಪನಿಯ ಬಸ್ಸಾದರೆ ಹೇಗೋ ನಡೆಯುತ್ತದೆ, ಡಿಕ್ಕಿಗೆ ಹಾಕಿದರೆ ಮುಗಿಯಿತು. ನಿಮ್ಮದು ರೈಲು, ಹತ್ತಿಸುವವರೂ ನೀವೇ, ಇಳಿಸುವವರೂ ನೀವೇ, ಕೂಲಿಯವರು ಸಿಗುವುದಿಲ್ಲ. ಪ್ಯಾರಿಸ್ ಮೆಟ್ರೋದಲ್ಲಿ ಎಲ್ಲ ನಿಲ್ದಾಣದಲ್ಲೂ ಲಿಫ್ಟ್ ಇರುವುದು 14ನೇ ಲೈನಿನಲ್ಲಿ ಮಾತ್ರ, ಮಿಕ್ಕ ಕಡೆ ಬಹುಪಾಲು ಮೆಟ್ಟಿಲೇ. ವೆನಿಸ್‌ನಲ್ಲಂತೂ ಸಾಂತಾ ಲೂಚಿಯಾ ಸ್ಟೇಷನ್ ಬಿಟ್ಟು ಹೊರಬಂದರೆ ಆಟೋನೂ ಇಲ್ಲ, ಕಾರೂ ಇಲ್ಲ. ಕಾಲುವೆ ದಾಟುವ ಬಹುತೇಕ ಸೇತುವೆಗಳಿಗೆ ಎರಡೂ ಕಡೆ ಮೆಟ್ಟಿಲು. ಹಾಗಾಗಿ ಮನೆಯಲ್ಲೇ ಒಂದು ಪರೀಕ್ಷೆ ಮಾಡಿ: ತುಂಬಿದ ಬ್ಯಾಗನ್ನು ಒಂದೇ ಕೈಯಲ್ಲಿ ಹಿಡಿದು ಎಲ್ಲೂ ಕೆಳಗಿಡದೆ ಮೂರು ಮಹಡಿ ಹತ್ತಿ. ಆಗಲಿಲ್ಲವೆಂದರೆ ಸಾಮಾನು ಇಳಿಸಿ. ಇಬ್ಬರೂ ಅವರವರ ಬ್ಯಾಗನ್ನು ಅವರವರೇ ಹತ್ತಿಸಿ ನೋಡಬೇಕು.

ನಮ್ಮಲ್ಲಿಂದ ಹೊರಡುವ ಎಷ್ಟೋ ವಿಮಾನಗಳಲ್ಲಿ ಕ್ಯಾಬಿನ್ ಮಿತಿ 7 ಕಿಲೋ, ಲುಫ್ತಾನ್ಸಾದಲ್ಲಿ 8. ನಿಮ್ಮ ಟಿಕೆಟ್ಟಿನಲ್ಲಿ ಎಷ್ಟಿದೆ ನೋಡಿಕೊಳ್ಳಿ. ಈ ಏಳರಲ್ಲಿ ಬ್ಯಾಗಿನ ತೂಕವೂ ಸೇರಿದೆ ಎಂಬುದನ್ನು ಅಂಗಡಿಯಲ್ಲಿ ಬಹಳ ಜನ ಮರೆಯುತ್ತಾರೆ. ನಾಲ್ಕು ಚಕ್ರದ ಗಟ್ಟಿ ಪೆಟ್ಟಿಗೆ ಎರಡೂವರೆಯಿಂದ ಮೂರು ಕಿಲೋ. 35-40 ಲೀಟರಿನ, ಸೂಟ್‌ಕೇಸಿನ ಹಾಗೆ ಪೂರ್ತಿ ತೆರೆದುಕೊಳ್ಳುವ ಬೆನ್ನಚೀಲವಾದರೆ ಸುಮಾರು 1.3 ಕಿಲೋ. ಬೆನ್ನುನೋವು ಇಲ್ಲದವರಿಗೆ ನನ್ನ ಓಟು ಬೆನ್ನಚೀಲಕ್ಕೇ.

ಚಕ್ರವೇ ಬೇಕು ಅನ್ನುವುದಾದರೆ ಎರಡು ಚಕ್ರದ್ದನ್ನು ತೆಗೆದುಕೊಳ್ಳಿ. ನಾಲ್ಕು ಚಕ್ರದ್ದು ಏರ್‌ಪೋರ್ಟಿನ ನುಣುಪು ನೆಲಕ್ಕೆ ಹೇಳಿ ಮಾಡಿಸಿದ್ದು. ರೋಮ್‌ನ ಹಳೇ ಬೀದಿಗಳಿಗೆ ಸಾಂಪಿಯೆತ್ರೀನಿ ಎಂಬ ಕರಿಕಲ್ಲುಗಳನ್ನು ಹಾಸಿದ್ದಾರೆ. ಸಣ್ಣ ಚಕ್ರಗಳು ಆ ಸಂದುಗಳಲ್ಲಿ ಸಿಕ್ಕಿ ತಿರುಚಿಕೊಂಡು, ಕೊನೆಗೆ ಬುಡದ ಪ್ಲಾಸ್ಟಿಕ್ಕೇ ಬಿರಿಯುತ್ತದೆ. ಎರಡು ಚಕ್ರದ ಬ್ಯಾಗಿನಲ್ಲಿ ಚಕ್ರ ದೊಡ್ಡದು, ಅರ್ಧ ಭಾಗ ಒಳಗೇ ಹುದುಗಿರುತ್ತದೆ, ಪೆಟ್ಟು ಕಡಿಮೆ.

ಅಂಗಡಿಗೆ ಹೋಗುವಾಗ ಟೇಪು ಒಯ್ಯಿರಿ. ಚೀಟಿಯಲ್ಲಿ 20 ಇಂಚು ಎಂದಿರುವುದು ಎಷ್ಟೋ ಸಲ ಬರೀ ಪೆಟ್ಟಿಗೆಯ ಎತ್ತರ. ವಿಮಾನದವರು ಅಳೆಯುವುದು ಚಕ್ರ, ಹಿಡಿ ಎಲ್ಲ ಸೇರಿಸಿ. ಅದು 55 ಸೆಂಟಿಮೀಟರ್ ದಾಟಬಾರದು. ಹಿಡಿಯನ್ನು ಪೂರ್ತಿ ಎಳೆದು ಅಲ್ಲಾಡಿಸಿ ನೋಡಿ, ಜಿಪ್ಪನ್ನು ಮೂಲೆಗಳಲ್ಲಿ ಹತ್ತು ಸಲ ಎಳೆಯಿರಿ. ಜಿಪ್ ಕೈಕೊಡುವುದು ಯಾವಾಗಲೂ ಮೂಲೆಯಲ್ಲೇ.

ಇನ್ನು ತೂಕದ ಲೆಕ್ಕ. ಮೈಮೇಲಿನ ಪ್ಯಾಂಟು, ಅಂಗಿ, ಶೂ ಬಿಟ್ಟು ಬ್ಯಾಗಿನೊಳಗೆ ಒಬ್ಬರಿಗೆ ಹೀಗಿರಲಿ: ಮೂರು ಟೀಶರ್ಟ್ ಅಥವಾ ಸಣ್ಣ ಕುರ್ತಾ 450 ಗ್ರಾಂ, ಒಂದು ಅಂಗಿ 200, ಬೇಗ ಒಣಗುವ ನೈಲಾನ್ ಪ್ಯಾಂಟು 350, ನಾಲ್ಕು ಜೊತೆ ಒಳಉಡುಪು 240, ಮೂರು ಜೊತೆ ಕಾಲುಚೀಲ 150, ಚಳಿಗೆ ಒಳಗೆ ಹಾಕುವ ಥರ್ಮಲ್ ಮೇಲೊಂದು ಕೆಳಗೊಂದು 350, ಫ್ಲೀಸ್ ಎಂಬ ಹಗುರ ಬೆಚ್ಚನೆಯ ತೆಳು ಮೇಲಂಗಿ 300, ಮಳೆ-ಗಾಳಿ ತಡೆಯುವ ಜಾಕೆಟ್ 300, ಒಂದು ಪಾಣಿಪಂಚೆ 150, ಚಪ್ಪಲಿ 300, ಸೋಪು-ಬ್ರಷ್ಷಿನ ಚೀಲ 500, ಔಷಧಿ 200, ಚಾರ್ಜರ್ ಮತ್ತು ಪವರ್ ಬ್ಯಾಂಕ್ 700. ಒಟ್ಟು 4.2 ಕಿಲೋ. ಬೆನ್ನಚೀಲಕ್ಕೆ ತುಂಬಿದರೆ 5.5, ಇನ್ನೂ ಒಂದೂವರೆ ಕಿಲೋ ಉಳಿಯುತ್ತದೆ. ಇದನ್ನೇ 2.8 ಕಿಲೋದ ಪೆಟ್ಟಿಗೆಗೆ ತುಂಬಿ ನೋಡಿ: ಸರಿಯಾಗಿ ಏಳು. ಚಕ್ಕುಲಿ ಪ್ಯಾಕೆಟ್ಟಿಗೂ ಜಾಗವಿಲ್ಲ!

ಜೀನ್ಸ್ ಬೇಡ. ಒಂದು ಜೀನ್ಸೇ ಮುಕ್ಕಾಲು ಕಿಲೋ ತೂಗೀತು, ಒಗೆದರೆ ಎರಡು ದಿನಕ್ಕೂ ಒಣಗುವುದಿಲ್ಲ. ದಪ್ಪ ಸ್ವೆಟರೂ ಬೇಡ. ಇಂಟರ್‌ಲಾಕನ್‌ನಿಂದ ಹಿಮ ನೋಡಲು ಹೋಗುವ ಯುಂಗ್‌ಫ್ರಾವ್‌ಯೋಖ್ ರೈಲು ನಿಲ್ದಾಣ 3,454 ಮೀಟರ್ ಎತ್ತರದಲ್ಲಿದೆ, ಅಕ್ಟೋಬರ್‌ನಲ್ಲಿ ಅಲ್ಲಿ ಚಳಿ ಸೊನ್ನೆಗಿಂತ ಕೆಳಗೇ ಇರಬಹುದು. ಆದರೆ ಥರ್ಮಲ್, ಟೀಶರ್ಟ್, ಫ್ಲೀಸ್, ಜಾಕೆಟ್ ಒಂದರ ಮೇಲೊಂದು ಹಾಕಿದರೆ ಆ ಮೂರ್ನಾಲ್ಕು ಗಂಟೆಗೆ ಧಾರಾಳ. ಪದರಗಳ ನಡುವೆ ನಿಂತ ಗಾಳಿಯೇ ಬೆಚ್ಚಗಿಡುವುದು. ಟೋಪಿ, ಕೈಗವಸು ಜಾಕೆಟ್ಟಿನ ಜೇಬಿಗಿರಲಿ. ಬಟ್ಟೆಯ ಗಾಳಿ ಹೀರಿ ಚಪ್ಪಟೆ ಮಾಡುವ ಚೀಲಗಳನ್ನು ನಂಬಬೇಡಿ, ಅವು ಜಾಗ ಉಳಿಸುತ್ತವೆಯೇ ಹೊರತು ತೂಕ ಇಳಿಸುವುದಿಲ್ಲ.

ಇಷ್ಟೇ ಬಟ್ಟೆ ಸಾಲಬೇಕಾದರೆ ಮೂರು ದಿನಕ್ಕೊಮ್ಮೆ ಒಗೆಯಬೇಕು. ರಾತ್ರಿ ಸಿಂಕಿನಲ್ಲಿ ಒಗೆದು ಹಿಂಡಿ, ಹೋಟೆಲಿನ ಒಣ ಟವೆಲ್ಲಿನ ಮೇಲೆ ಹರಡಿ, ಚಾಪೆ ಸುತ್ತಿದ ಹಾಗೆ ಬಿಗಿಯಾಗಿ ಸುತ್ತಿ ಮೇಲೆ ನಿಂತು ತುಳಿಯಿರಿ. ನೀರು ಟವೆಲ್ಲಿಗೆ ಹೋಗುತ್ತದೆ, ತೆಳು ಸಿಂಥೆಟಿಕ್ ಬಟ್ಟೆ ಬೆಳಿಗ್ಗೆಗೆ ಒಣಗಿರುತ್ತದೆ.

ಶೂ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ. ದಿನಕ್ಕೆ 15-20 ಸಾವಿರ ಹೆಜ್ಜೆ, ಅದೂ ಕಲ್ಲುಹಾಸಿನ ಮೇಲೆ. ಹೊರಡುವ ಆರು ವಾರ ಮುಂಚೆ, ಸಂಜೆ ಹೊತ್ತು ಕೊಳ್ಳಿ. ಬೆಳಗಿನಿಂದ ನಡೆದ ಪಾದ ಸಂಜೆಗೆ ಊದಿರುತ್ತದೆ, ದೂರದ ವಿಮಾನದಲ್ಲೂ ಹಾಗೇ ಊದುತ್ತದೆ. ಪ್ರವಾಸದಲ್ಲಿ ಹಾಕುವ ಕಾಲುಚೀಲವನ್ನೇ ಹಾಕಿ ನೋಡಿ. ಅತಿ ಉದ್ದದ ಬೆರಳಿನ ಮುಂದೆ ಒಂದು ಸೆಂಟಿಮೀಟರಿನಷ್ಟು ಬಿಡುವಿರಬೇಕು. ಅಂಗಡಿಯಲ್ಲಿ ಮೆಟ್ಟಿಲಿದ್ದರೆ ಇಳಿದು ನೋಡಿ. ಇಳಿಯುವಾಗ ಬೆರಳು ಮುಂದೆ ತಾಗಿದರೆ ನಾಲ್ಕನೇ ದಿನಕ್ಕೆ ಉಗುರು ಕಪ್ಪಾಗುತ್ತದೆ. ಚಪ್ಪಲಿಯಲ್ಲೇ ಬೆಳೆದ ಪಾದ ಮುಂದಕ್ಕೆ ಅಗಲವಾಗಿರುವುದು ಸಾಮಾನ್ಯ. ಅಂಥವರು ಒಂದು ನಂಬರು ದೊಡ್ಡದು ಕೊಂಡರೆ ಹಿಮ್ಮಡಿ ಸಡಿಲವಾಗಿ ಉಜ್ಜಿ ಬೊಬ್ಬೆ ಏಳುತ್ತದೆ. ನಂಬರು ಅದೇ ಇರಲಿ, ಅಗಲದ ಮಾದರಿ ಕೇಳಿ. ಗಂಡಸರ ಶೂಗಳಲ್ಲಿ ಅದಕ್ಕೆ 2ಇ ಎಂದು ಬರೆದಿರುತ್ತದೆ.

ಅಡಿ ರಬ್ಬರಿನದೇ ಇರಬೇಕು, ಗೀರುಗಳು ಆಳವಾಗಿರಬೇಕು. ಅಡಿಗೆ ಬರೀ ಫೋಮ್ ಇರುವ ಹಗುರ ಶೂ ಮಳೆಯಲ್ಲಿ ನೆನೆದ ಕಲ್ಲಿನ ಮೇಲೆ ಜಾರುತ್ತದೆ. ಬಣ್ಣ ಕಪ್ಪೋ ಬೂದಿಯೋ ಇದ್ದರೆ ಸಂಜೆಯ ಊಟಕ್ಕೂ ಅದೇ ನಡೆಯುತ್ತದೆ. ಹೊರಡುವ ಮುನ್ನ ಅದರಲ್ಲಿ ಒಟ್ಟು 40-50 ಕಿಲೋಮೀಟರ್ ನಡೆದಿರಿ. ಕಾಲುಚೀಲ ಪೂರ್ತಿ ಹತ್ತಿಯದು ಬೇಡ. ಅದು ಬೆವರು ಹಿಡಿದಿಟ್ಟುಕೊಳ್ಳುತ್ತದೆ, ಒದ್ದೆ ಚರ್ಮ ಉಜ್ಜಿದರೆ ಬೊಬ್ಬೆ ಬೇಗ. ಹಿಮ್ಮಡಿ ಎದ್ದೇಳುತ್ತಿದ್ದರೆ ಶೂ ಬದಲಿಸುವ ಮೊದಲು ಲೇಸು ಬದಲಿಸಿ ನೋಡಿ. ಎಲ್ಲಕ್ಕಿಂತ ಮೇಲೆ ಖಾಲಿ ಬಿಟ್ಟಿರುವ ತೂತಿನಲ್ಲಿ ಅದೇ ಬದಿಯ ಲೇಸನ್ನು ಪೋಣಿಸಿ ಸಣ್ಣ ಕುಣಿಕೆ ಮಾಡಿ, ಎದುರು ಬದಿಯ ಲೇಸನ್ನು ಆ ಕುಣಿಕೆಯೊಳಗೆ ತೂರಿಸಿ ಎಳೆದು ಕಟ್ಟಿ.

ಬೀರುವಿನಲ್ಲಿ ನಾಲ್ಕೈದು ವರ್ಷದಿಂದ ಹೊಸದರಂತೆಯೇ ಇರುವ ಒಳ್ಳೆ ಶೂ ಇದೆ, ಅದನ್ನೇ ಒಯ್ಯೋಣ ಅನ್ನಿಸಬಹುದು. ಎಚ್ಚರ. ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ಕಿನ ಅಡಿ ಗಾಳಿಯ ತೇವಕ್ಕೆ ಒಳಗೊಳಗೇ ಶಿಥಿಲವಾಗುತ್ತದೆ, ಕರಾವಳಿಯವರ ಮನೆಯಲ್ಲಿ ಇನ್ನೂ ಬೇಗ. ನೋಡಲು ಚೆನ್ನಾಗಿರುತ್ತದೆ, ಎರಡು ಗಂಟೆ ನಡೆದರೆ ರಸ್ಕಿನ ಹಾಗೆ ಪುಡಿಯಾಗಿ ಉದುರುತ್ತದೆ. ಹೆಬ್ಬೆರಳಿನಿಂದ ಒತ್ತಿ, ಬಗ್ಗಿಸಿ, ಒಂದು ದಿನ ಬೀದಿಯಲ್ಲಿ ನಡೆದು ನೋಡದೆ ಒಯ್ಯಬೇಡಿ.

ಊಟದ ಸಾಮಾನಿನ ಬಗ್ಗೆ ನೀವು ಕೇಳಿಲ್ಲ, ಆದರೆ ಉಳಿದ ಒಂದೂವರೆ ಕಿಲೋ ಅದಕ್ಕೇ ಹೋಗುವುದು ನಿಶ್ಚಯ. ಹಾಲು, ಮಾಂಸದ ಪದಾರ್ಥಗಳನ್ನು ಭಾರತದಿಂದ ಪ್ರಯಾಣಿಕರು ಐರೋಪ್ಯ ಒಕ್ಕೂಟದೊಳಗೆ ತರುವಂತಿಲ್ಲ. ಧಾರವಾಡ ಪೇಡೆಯೂ ತುಪ್ಪವೂ ಅದರಲ್ಲಿ ಬಂದವು. ಹಸಿ ಕರಿಬೇವೂ ಬೇಡ. ಉಪ್ಪಿನಕಾಯಿ ದ್ರವದ ಲೆಕ್ಕಕ್ಕೆ ಬರುತ್ತದೆ, ಕ್ಯಾಬಿನ್ನಿನಲ್ಲಿ 100 ಮಿಲಿಲೀಟರಿನ ಡಬ್ಬಿ ದಾಟಬಾರದು. ಅವಲಕ್ಕಿ, ಕೋಡುಬಳೆಗೆ ತೊಂದರೆಯಿಲ್ಲ. ಪವರ್ ಬ್ಯಾಂಕ್ ಯಾವತ್ತೂ ಕೈಚೀಲದಲ್ಲೇ ಇರಬೇಕು. ಅದರ ಮೇಲೆ 20,000 ಎಂಎಎಚ್ ಎಂದಿದ್ದರೆ ಅದು ಸುಮಾರು 74 ವ್ಯಾಟ್-ಅವರ್, ವಿಮಾನದಲ್ಲಿ ಮಿತಿ 100 ವ್ಯಾಟ್-ಅವರ್.

ಬರುವಾಗ ಚಾಕೊಲೇಟ್, ಉಡುಗೊರೆ ಅಂತ ಸಾಮಾನು ಹೆಚ್ಚೇ ಆಗುತ್ತದೆ. 200 ಗ್ರಾಮಿನ, ಮಡಚಿಡುವ ಒಂದು ನೈಲಾನ್ ಬ್ಯಾಗು ತಳದಲ್ಲಿರಲಿ. ಟಿಕೆಟ್ಟಿನಲ್ಲಿ ಚೆಕ್-ಇನ್ ಇದ್ದರೆ ರೋಮ್‌ನಲ್ಲಿ ಕೊಳಕು ಬಟ್ಟೆಯನ್ನು ಅದಕ್ಕೆ ತುಂಬಿ ಕೊಟ್ಟುಬಿಡಿ, ಚಾಕೊಲೇಟು ಕೈಯಲ್ಲಿ ಬರಲಿ.