ಪ್ರಶ್ನೆ: ಎಲ್ಲವನ್ನೂ ಕೇಳಿಸಿಕೊಂಡರೂ ಹೆಂಡತಿ ‘ನೀವು ಕೇಳುವುದೇ ಇಲ್ಲ’ ಎನ್ನುತ್ತಾಳೆ, ಏನು ಮಾಡಲಿ?

ಬಹುಶಃ ಅವರ ಮಾತು ಮುಗಿಯುವ ಮೊದಲೇ ನಿಮ್ಮೊಳಗೆ ಉತ್ತರ ಸಿದ್ಧವಾಗುತ್ತಿದೆ. ಹೇಳಿದ್ದನ್ನು ಅಕ್ಷರಶಃ ಒಪ್ಪಿಸಬಲ್ಲೆ ಎಂದು ನೀವೇ ಬರೆದಿದ್ದೀರಿ. ಹಾಗಾಗಿ ತೊಂದರೆ ಕಿವಿಯದಲ್ಲ. ಇದಕ್ಕೆ ನಿಮ್ಮನ್ನು ಹಳಿದುಕೊಳ್ಳಬೇಡಿ. ಸಂಭಾಷಣೆಯಲ್ಲಿ ಒಬ್ಬರು ನಿಲ್ಲಿಸಿ ಇನ್ನೊಬ್ಬರು ಆರಂಭಿಸುವ ನಡುವಿನ ಅಂತರ ಸಾಮಾನ್ಯವಾಗಿ ಸುಮಾರು 200 ಮಿಲಿಸೆಕೆಂಡು. ಆದರೆ ಒಂದೇ ಪದವನ್ನು ಹೊಂದಿಸಿಕೊಳ್ಳಲು ಮಿದುಳಿಗೆ ಸುಮಾರು 600 ಮಿಲಿಸೆಕೆಂಡು ಬೇಕು. ಅದಕ್ಕೇ ಎದುರಿನವರು ಮುಗಿಸುವ ಮೊದಲೇ ತಯಾರಾಗುವುದು ಎಲ್ಲರ ಚಾಳಿ.

ಮೊದಲು ಮೊಬೈಲನ್ನು ಕಣ್ಣಿಗೆ ಬೀಳದ ಕಡೆ ಇಡಿ. ಅವರು ಮಾತನಾಡುವಾಗ ಪಾದಗಳು ನೆಲಕ್ಕೆ ತಾಗಿರುವುದರ ಕಡೆ ಸ್ವಲ್ಪ ಗಮನವಿರಲಿ. ‘ಹಾಗಲ್ಲ, ನಾನು...’ ಎಂಬ ಉತ್ತರ ತಲೆಯೆತ್ತುತ್ತದೆ. ತಡೆಯಲು ಹೋಗಬೇಡಿ, ಬಂದದ್ದನ್ನು ಗುರುತಿಸಿ ಮತ್ತೆ ಅವರ ಮಾತಿಗೆ ಮರಳಿ. ಒಂದೇ ಸಲಕ್ಕೆ ಹತ್ತು ಬಾರಿ ಮರಳಬೇಕಾಗಬಹುದು. ನನಗೆ ಈಗಲೂ ಹಾಗೆಯೇ.

ಅವರು ಮುಗಿಸಿದ ಮೇಲೆ ಒಂದು ಉಸಿರಿನಷ್ಟು ಕಾಯಿರಿ. ನಂತರ ನಿಮಗೆ ಅರ್ಥವಾದದ್ದನ್ನು ನಿಮ್ಮದೇ ಮಾತಿನಲ್ಲಿ ಹೇಳಿ, ಸರಿಯೇ ಎಂದು ಕೇಳಿ. ಗಿಣಿಪಾಠ ಒಪ್ಪಿಸಿದರೆ ಸಿಟ್ಟು ಇನ್ನಷ್ಟು ಏರುತ್ತದೆ, ಅನುಭವದಿಂದ ಹೇಳುತ್ತಿದ್ದೇನೆ. ಪರಿಹಾರ ಸೂಚಿಸುವ ಮೊದಲು ಅದು ಬೇಕೇ ಎಂದೂ ಕೇಳಿ.

ದನಿ ಆಗಲೇ ಏರಿದ್ದರೆ ಇದಾವುದೂ ನಡೆಯದು. ಅರ್ಧ ಗಂಟೆ ಬಿಡುವು ಕೇಳಿ, ಹೇಳಿದ ಹೊತ್ತಿಗೆ ನೀವಾಗಿಯೇ ಬಂದು ಕುಳಿತುಕೊಳ್ಳಿ. ಅಸಮಾಧಾನ ಹಳೆಯದಾಗಿದ್ದರೆ ಇಷ್ಟೇ ಸಾಕಾದೀತೆಂದು ಹೇಳಲಾರೆ; ಎರಡು ವಾರದಲ್ಲಿ ಬದಲಾವಣೆ ಕಾಣದಿದ್ದರೆ ಇಬ್ಬರೂ ಸೇರಿ ಆಪ್ತಸಮಾಲೋಚಕರನ್ನು ಕಾಣಿರಿ.